ಜಾಲದ ನಾಡಿ ನೋಡಿದವರು

‘ನೆಟ್ಟು ಇಲ್ಲ’ ಎಂಬ ಮಾತು ಈಗ ನಮ್ಮ ನಗರದ ಮನೆಗಳಲ್ಲಿ ‘ನೀರು ಬಂದಿಲ್ಲ’, ‘ಕರೆಂಟು ಹೋಯಿತು’ ಎಂಬ ಮಾತುಗಳ ಪಂಕ್ತಿಗೆ ಸೇರಿಹೋಗಿದೆ. ಆದರೆ ಒಂದು ವ್ಯತ್ಯಾಸವುಂಟು. ಕರೆಂಟು ಹೋದಾಗ ನಾವು ಯಾರೂ ಕಲಿಸದೆಯೇ ಒಂದು ಜಾಣತನದ ಕೆಲಸ ಮಾಡುತ್ತೇವೆ. ಕಿಟಕಿಯಿಂದ ಇಣುಕಿ, ಎದುರು ಮನೆಯಲ್ಲಿ ದೀಪ ಇದೆಯೇ ಎಂದು ನೋಡುತ್ತೇವೆ. ಇದ್ದರೆ ಫ್ಯೂಸು ನಮ್ಮದು, ಇಲ್ಲದಿದ್ದರೆ ಬೀದಿಯದು, ಬಡಾವಣೆಗೆ ಬಡಾವಣೆಯೇ ಕತ್ತಲಾಗಿದ್ದರೆ ಸುಮ್ಮನೆ ಮೇಣದ ಬತ್ತಿ ಹುಡುಕುತ್ತೇವೆ. ನೀರು ಬಾರದಿದ್ದಾಗಲೂ ಹಾಗೆಯೇ. ಮೊದಲು ಕೆಳಗಿನ ತೊಟ್ಟಿಯ ನಲ್ಲಿ, ಆಮೇಲೆ ಪಕ್ಕದ ಮನೆಯವರು, ಅದರ ಮೇಲೆ ನೀರು ಬಿಡುವವನು. ನೆಟ್ಟು ಹೋದಾಗ ಮಾತ್ರ ಈ ವಿವೇಕವೆಲ್ಲ ಎಲ್ಲಿಗೋ ಓಡಿಹೋಗುತ್ತದೆ. ರೂಟರಿನ ಪ್ಲಗ್ಗು ಕಿತ್ತು ಹಾಕುತ್ತೇವೆ, ಕಂಪನಿಯವರನ್ನು ಬೈಯುತ್ತೇವೆ, ಇಲ್ಲವೆ ಮನೆಯ ಹುಡುಗನ ಮೇಲೆ ತಪ್ಪು ಹೊರಿಸುತ್ತೇವೆ.

ಪ್ಲಗ್ಗು ಕಿತ್ತು ಹಾಕುವುದರಿಂದ ಎಷ್ಟೋ ಸಲ ಗುಣವಾಗುತ್ತದೆಂಬುದು ನಿಜ. ಆ ಪುಟ್ಟ ಯಂತ್ರದ ನೆನಪಿನಲ್ಲಿ ಸಿಕ್ಕಿಕೊಂಡಿದ್ದ ಲೆಕ್ಕವೆಲ್ಲ ಅಳಿಸಿ, ಅದು ಹೊಸದಾಗಿ ಎಣಿಸತೊಡಗುತ್ತದೆ. ಆದರೆ ಗುಣವಾದದ್ದು ಯಾವ ರೋಗ ಎಂಬುದು ಆ ಅಳಿಸುವಿಕೆಯಲ್ಲೇ ಅಳಿಸಿಹೋಗುತ್ತದೆ. ಕಳವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಸಾರಿಸಿ ಗುಡಿಸಿದಂತೆ.

ಈ ರೋಗನಿದಾನಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಗಣಕಯಂತ್ರಗಳು ಹುಟ್ಟುವ ಮೊದಲೇ ಅದು ಆರಂಭವಾಯಿತು. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದೇ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ಜಾಲದಲ್ಲಿ ನೋವು ಕಾಣುವುದು ಒಂದೆಡೆ, ರೋಗವಿರುವುದು ಇನ್ನೊಂದೆಡೆ. ಆದುದರಿಂದ ‘ಏನು ಕೆಟ್ಟಿದೆ?’ ‘ಯಾರು ಕೆಡಿಸಿದರು?’ ಎಂದು ಹೊರಟವರು ಬಹುಮಟ್ಟಿಗೆ ದಾರಿ ತಪ್ಪಿದ್ದಾರೆ, ‘ಎಲ್ಲಿಯವರೆಗೆ ಸರಿಯಿದೆ?’ ಎಂದು ತಾಳ್ಮೆಯಿಂದ ಕೇಳಿದವರು ಗೆದ್ದಿದ್ದಾರೆ.

1858ನೆಯ ಇಸವಿಯ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆಂಷಿಯಾ ದ್ವೀಪಕ್ಕೂ ಉತ್ತರ ಅಮೆರಿಕದ ನ್ಯೂಫೌಂಡ್‌ಲೆಂಡಿಗೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಸುಮಾರು ಎರಡು ಸಾವಿರ ಮೈಲಿಗಳ ತಂತಿಯನ್ನು ಇಳಿಸಿ ಮುಗಿಸಿದರು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನರಿಗೆ 98 ಶಬ್ದಗಳ ಸಂದೇಶ ಕಳುಹಿಸಿದಳು. ಅದು ತಲುಪಲು ಸುಮಾರು 16 ಗಂಟೆ ಹಿಡಿಯಿತು. ನ್ಯೂಯಾರ್ಕಿನಲ್ಲಿ ಪಟಾಕಿ, ಮೆರವಣಿಗೆ. ತಂತಿಯೊಳಗೆ ಮಾತ್ರ ಸಂಕೇತಗಳು ದಿನದಿಂದ ದಿನಕ್ಕೆ ಸೊರಗುತ್ತಿದ್ದವು. ತಂತಿಯ ಉಸ್ತುವಾರಿ ಹೊತ್ತಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಎಂಬಾತ ವೃತ್ತಿಯಿಂದ ಶಸ್ತ್ರವೈದ್ಯ. ರೋಗಿ ಮಾತಾಡುತ್ತಿಲ್ಲವೆಂದರೆ ಇನ್ನೂ ಜೋರಾಗಿ ಅಲ್ಲಾಡಿಸಬೇಕೆಂಬುದು ಆತನ ಮತ. ಐದಡಿ ಉದ್ದದ ಪ್ರೇರಣ ಸುರುಳಿಗಳಿಂದ ಸುಮಾರು ಎರಡು ಸಾವಿರ ವೋಲ್ಟಿನ ಒತ್ತಡವನ್ನು ಆ ಬಡ ತಂತಿಯೊಳಕ್ಕೆ ನೂಕಿದ. ಮೊದಲೇ ಅಲ್ಲಲ್ಲಿ ದುರ್ಬಲವಾಗಿದ್ದ ಹೊದಿಕೆ ಇದನ್ನು ತಾಳಲಿಲ್ಲ. ಸೆಪ್ಟೆಂಬರಿನ ಆರಂಭಕ್ಕೆ, ಅಂದರೆ ಒಂದು ತಿಂಗಳೂ ತುಂಬುವ ಮೊದಲೇ, ತಂತಿ ಮೂಕವಾಯಿತು.

ಅದೇ ತಂತಿಯ ಇನ್ನೊಂದು ಮಗ್ಗುಲಲ್ಲಿ ವಿಲಿಯಂ ಥಾಮ್ಸನ್ ಇದ್ದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ರೋಗಿಯ ದನಿ ಕ್ಷೀಣವಾಗಿದ್ದರೆ ವೈದ್ಯನ ಕಿವಿ ಚುರುಕಾಗಬೇಕು ಎಂಬುದು ಇವರ ನಿಲುವು. ಅಯಸ್ಕಾಂತದ ಚೂರಿಗೆ ಚಿಕ್ಕ ಕನ್ನಡಿ ಅಂಟಿಸಿ ರೇಷ್ಮೆ ಎಳೆಗೆ ತೂಗುಬಿಟ್ಟು, ಅದರ ಮೇಲೆ ದೀಪದ ಬೆಳಕು ಬೀಳಿಸಿದರು. ತಂತಿಯಲ್ಲಿ ಹೆಸರಿಗೆ ಮಾತ್ರ ವಿದ್ಯುತ್ತು ಹರಿದರೂ ಗೋಡೆಯ ಅಳತೆಪಟ್ಟಿಯ ಮೇಲೆ ಬೆಳಕಿನ ಚುಕ್ಕೆ ಸರಿಯುತ್ತಿತ್ತು. ಒಂದೇ ರೋಗಿಗೆ ಇಬ್ಬರು ಚಿಕಿತ್ಸಕರು, ಎರಡು ಸ್ವಭಾವ. ಈ ಎರಡು ಸ್ವಭಾವಗಳ ಜಗಳ ಇಂದಿಗೂ ಪ್ರತಿ ಕಚೇರಿಯ ಕಂಪ್ಯೂಟರು ಕೋಣೆಯಲ್ಲಿ ನಡೆದೇ ಇದೆಯೆಂದು ನನ್ನ ಗುಮಾನಿ.

ಇಂಡಿಯಾಕ್ಕೆಂದು ಕೆಂಪು ಸಮುದ್ರದಲ್ಲಿ 1859-60ರಲ್ಲಿ ಇಳಿಸಿದ ತಂತಿಯೂ ಹಾಳಾಯಿತು. ಎರಡು ದೊಡ್ಡ ಸೋಲುಗಳಾದ ಮೇಲೆ ಬ್ರಿಟಿಷ್ ಸರ್ಕಾರವೂ ತಂತಿ ಕಂಪನಿಯೂ ಕೂಡಿ ವಿಚಾರಣಾ ಸಮಿತಿಯನ್ನು ಕೂರಿಸಿದವು. 1861ರಲ್ಲಿ ಬಂದ ಅದರ ವರದಿ ನಿಜಕ್ಕೂ ಒಂದು ಹೊಸ ಶಾಸ್ತ್ರದ ಪೀಠಿಕೆ. ನೀರಿನ ಕೆಳಗೆ ಮೈಲಿಗಟ್ಟಲೆ ಆಳದಲ್ಲಿರುವ ಗಾಯವನ್ನು ದಡದಲ್ಲಿ ಕುಳಿತು ಪತ್ತೆಮಾಡುವುದು ಹೇಗೆ? ಉಪಾಯ ಬಹು ಸರಳ. ತಾಮ್ರದ ತಂತಿಯ ಪ್ರತಿ ಮೈಲಿಗೂ ಇಂತಿಷ್ಟು ರೋಧವೆಂದು ಮೊದಲೇ ಅಳೆದು ಬರೆದಿಟ್ಟುಕೊಳ್ಳಬೇಕು. ಹೊದಿಕೆ ಹರಿದ ಕಡೆ ವಿದ್ಯುತ್ತು ಸಮುದ್ರಕ್ಕೆ ಸೋರುತ್ತದೆ. ಆಗ ದಡದಿಂದ ರೋಧವನ್ನಳೆದು, ಬಂದ ಮೊತ್ತವನ್ನು ಮೈಲಿಯ ರೋಧದಿಂದ ಭಾಗಿಸಿದರೆ ಗಾಯದ ದೂರ ಸಿಕ್ಕುತ್ತದೆ. ಗಾಯಕ್ಕೂ ತನ್ನದೇ ಒಂದಿಷ್ಟು ರೋಧವಿರುವುದರಿಂದ ಎರಡೂ ದಡಗಳಿಂದ ಅಳೆದು ತಾಳೆ ನೋಡಬೇಕು. ಆದರೆ ಐರ್ಲೆಂಡಿನವನ ಅಳತೆಗೋಲೂ ನ್ಯೂಫೌಂಡ್‌ಲೆಂಡಿನವನ ಅಳತೆಗೋಲೂ ಒಂದೇ ಆಗಿರಬೇಡವೆ? 1861ರಲ್ಲೇ ಥಾಮ್ಸನರ ಒತ್ತಾಯದಿಂದ ಬ್ರಿಟಿಷ್ ವಿಜ್ಞಾನ ಸಂಘ ರೋಧಕ್ಕೊಂದು ಪ್ರಮಾಣಮಾನ ಗೊತ್ತುಮಾಡಲು ಸಮಿತಿ ನೇಮಿಸಿತು. ನಮ್ಮ ಹೈಸ್ಕೂಲು ಹುಡುಗರು ಕಂಠಪಾಠ ಮಾಡುವ ‘ಓಮ್’ ಎಂಬ ಮಾನ ನೆಲೆಗೊಂಡದ್ದು ಹೀಗೆ. ಜಾಲ ರಿಪೇರಿಯ ಅಗತ್ಯ ಅದರ ಹಿಂದೆ ಇದ್ದಿತೆಂದು ಪಠ್ಯಪುಸ್ತಕ ಹೇಳುವುದಿಲ್ಲ.

ತಪ್ಪು ಹೊರಿಸುವ ಚಪಲದ ಕಥೆಯೂ ಇದೇ ಕಾಲದ್ದು. 1865ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಮಹಾನೌಕೆ ಹೊಸದಾಗಿ ಅಟ್ಲಾಂಟಿಕ್ ತಂತಿಯನ್ನು ಇಳಿಸುತ್ತ ಹೊರಟಿತು. ಮಾರ್ಗಮಧ್ಯದಲ್ಲಿ ಅಳತೆಯ ಚುಕ್ಕೆ ತಟಕ್ಕನೆ ಸರಿಯಿತು, ಎಲ್ಲೋ ಸೋರಿಕೆ. ಇಳಿಸಿದ ತಂತಿಯನ್ನು ಹಿಂದಕ್ಕೆ ಎಳೆದು ನೋಡಿದರೆ, ಹೊದಿಕೆಯ ಮೂಲಕ ಒಂದು ಲೋಹದ ಸರಿಗೆಯ ತುಣುಕು ಚುಚ್ಚಿಕೊಂಡಿತ್ತು. ಕೆಲವು ದಿನಗಳಲ್ಲಿ ಮತ್ತೊಮ್ಮೆ ಅದೇ ರೀತಿ. ಇದು ಯಾರೋ ಬೇಕೆಂದೇ ಮಾಡಿದ ಕೇಡೆಂದು ಎಲ್ಲರೂ ನಂಬಿದರು. ತಂತಿಯ ತೊಟ್ಟಿಯಲ್ಲಿ ದುಡಿಯುತ್ತಿದ್ದ ಕೂಲಿಗಳ ಮೇಲೆ ಸಂಶಯ ಬಿತ್ತು. ಅವರನ್ನು ಕಾಯಲು ಹಡಗಿನ ದೊಡ್ಡ ಮನುಷ್ಯರೇ ಸರದಿಯ ಮೇಲೆ ತೊಟ್ಟಿಯ ಬಳಿ ಕುಳಿತರು. ಕಾವಲಿದ್ದಾಗಲೇ ಮೂರನೆಯ ಗಾಯವೂ ಆಯಿತು! ಆಗ ಕಣ್ಣು ತೆರೆಯಿತು. ತಂತಿಯ ರಕ್ಷಣೆಗೆಂದು ಸುತ್ತಿದ್ದ ಉಕ್ಕಿನ ಕವಚದ ಸರಿಗೆಗಳೇ ಪೆಡಸಾಗಿದ್ದು, ಭಾರಕ್ಕೆ ಮುರಿದು ಒಳಕ್ಕೆ ಚುಚ್ಚುತ್ತಿದ್ದವು. ರಕ್ಷಕನೇ ಭಕ್ಷಕನಾಗಿದ್ದ. ಆ ಕೂಲಿಗಳ ಕ್ಷಮೆಯನ್ನು ಯಾರಾದರೂ ಕೇಳಿದರೋ ಇಲ್ಲವೋ.

ಆ ಸಲ ಸುಮಾರು 1200 ಮೈಲಿ ಇಳಿಸಿದ ಮೇಲೆ ತಂತಿ ತುಂಡಾಗಿ ಸಮುದ್ರದ ಪಾಲಾಯಿತು. ವ್ಯಾಲೆಂಷಿಯಾದ ಕತ್ತಲ ಕೋಣೆಯಲ್ಲಿ ಮಾತ್ರ ಸತ್ತ ತಂತಿಯ ತುದಿಗೆ ಥಾಮ್ಸನರ ಕನ್ನಡಿಯನ್ನು ಕಟ್ಟಿ, ಕಾವಲುಗಾರರು ಬೆಳಕಿನ ಚುಕ್ಕೆಯನ್ನು ನೋಡುತ್ತಲೇ ಇದ್ದರು. ಚುಕ್ಕೆ ಭೂಮಿಯ ಕಾಂತಶಕ್ತಿಗೆ ತಕ್ಕಂತೆ ಸುಮ್ಮನೆ ತೂಗಾಡುವುದು, ಅರ್ಥವಿಲ್ಲದ ತೂಗಾಟ. 1866ರ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಬೆಳಗಿನ ಜಾವ ಅದು ಅಕ್ಷರಗಳನ್ನು ಬರೆಯತೊಡಗಿತು. ಹಡಗು ಎರಡು ಮೈಲಿಗೂ ಮಿಕ್ಕ ಆಳದಿಂದ ಕಳೆದುಹೋದ ತುದಿಯನ್ನು ಕೊಕ್ಕೆ ಹಾಕಿ ಎತ್ತಿತ್ತು. ಆ ಕಾವಲುಗಾರನ ತಾಳ್ಮೆಯನ್ನು ನೆನೆದರೆ, ಗ್ರಾಹಕ ಸೇವೆಯ ಸಂಗೀತ ಕೇಳುತ್ತ ಹತ್ತು ನಿಮಿಷ ಕಾಯಲಾರದ ನಮ್ಮ ಬಗೆಗೆ ನಾಚಿಕೆಯಾಗಬೇಕು.

ಇನ್ನು ನೂರು ವರ್ಷ ಮುಂದಕ್ಕೆ ಬರೋಣ. ಈಗ ತಂತಿಯ ತುದಿಗಳಲ್ಲಿ ಮನುಷ್ಯರಿಲ್ಲ, ಗಣಕಯಂತ್ರಗಳಿವೆ. ಇಂದಿನ ಇಂಟರ್ನೆಟ್ಟಿನ ಅಜ್ಜನೆನ್ನಬಹುದಾದ ‘ಆರ್ಪಾನೆಟ್’ ಜಾಲದ ಮೇಲೆ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲೀಸಿನ ವಿದ್ಯಾರ್ಥಿ ಚಾರ್ಲಿ ಕ್ಲೈನ್ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ‘ಲಾಗಿನ್’ ಎಂದು ಇಂಗ್ಲಿಷಿನ ಐದು ಅಕ್ಷರಗಳಲ್ಲಿ ಬರೆಯಬೇಕಿತ್ತು. ಎಲ್ ಹೋಯಿತು, ಓ ಹೋಯಿತು. ಜೀ ಒತ್ತಿದೊಡನೆ ಆ ತುದಿಯ ಯಂತ್ರ ಕುಸಿಯಿತು. ಅರ್ಧ ಪದ ಕಂಡೊಡನೆ ಉಳಿದ ಅಕ್ಷರಗಳನ್ನೂ ತಾನೇ ಸೇರಿಸಿ ಒಟ್ಟಿಗೆ ಹಿಂದಿರುಗಿಸುವ ಬುದ್ಧಿವಂತಿಕೆ ಅದಕ್ಕಿತ್ತು. ಒಂದು ಸಲಕ್ಕೆ ಒಂದೇ ಅಕ್ಷರಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಅವು ಹಿಡಿಸಲಿಲ್ಲ. ಜಾಲ ಸರಿಯಾಗಿಯೇ ಇತ್ತು. ಮೊತ್ತಮೊದಲ ‘ನೆಟ್ಟು ಇಲ್ಲ’ ಎಂಬುದೇ ನೆಟ್ಟಿನ ತಪ್ಪಾಗಿರಲಿಲ್ಲವೆಂದು ಇದರಿಂದ ತಿಳಿಯಬೇಕು. ಇದು ಅಷ್ಟು ಬೇಗ ಗೊತ್ತಾದುದಾದರೂ ಹೇಗೆ? ಎರಡೂ ತುದಿಯವರು ಬೇರೆಯೇ ಒಂದು ಟೆಲಿಫೋನಿನ ಮೇಲೆ ‘ಎಲ್ ಬಂತೆ?’ ‘ಬಂತು’ ಎಂದು ಮಾತಾಡಿಕೊಳ್ಳುತ್ತಿದ್ದರು. ಈ ಬೇರೆ ಟೆಲಿಫೋನನ್ನು ಓದುಗರು ನೆನಪಿನಲ್ಲಿಡಬೇಕು.

ಆ ಜಾಲದ ಒಂದೊಂದು ಊರಿನಲ್ಲೂ ಬೀರುವಿನಷ್ಟು ದೊಡ್ಡದೊಂದು ಯಂತ್ರ, ನಾಲ್ಕು ದಾರಿ ಕೂಡುವಲ್ಲಿ ನಿಂತ ಪೊಲೀಸಿನವನಂತೆ, ಸಂದೇಶಗಳನ್ನು ತಿರುಗಿಸಿ ಕಳಿಸುತ್ತಿತ್ತು. ಅದರ ಹ್ರಸ್ವನಾಮ ‘ಇಂಪ್’. ನಮ್ಮ ಕಿವಿಗೇನೋ ಮಧುರವಾದ ಹೆಸರು. ಇವನ್ನು ಕಟ್ಟಿದ ಕೇಂಬ್ರಿಜ್ಜಿನ (ಅಮೆರಿಕದ್ದು, ಇಂಗ್ಲೆಂಡಿನದಲ್ಲ) ಬಿ.ಬಿ.ಎನ್. ಕಂಪನಿಯ ಇಂಜಿನಿಯರುಗಳು ಒಂದು ಹೊಸ ಉಪಾಯ ಮಾಡಿದ್ದರು. ಪ್ರತಿ ಇಂಪೂ ತನ್ನ ಕ್ಷೇಮಸಮಾಚಾರವನ್ನು ಆಗಿಂದಾಗ್ಗೆ ಕೇಂದ್ರಕ್ಕೆ ತಾನೇ ಬರೆದು ಕಳಿಸುತ್ತಿತ್ತು. ತಂತಿಯ ಯಾವ ತುದಿಯನ್ನಾದರೂ ದೂರದಿಂದಲೇ ಮಡಿಚಿ, ಕಳಿಸಿದ್ದು ಹಾಗೆಯೇ ಹಿಂದಿರುಗಿ ಬರುತ್ತದೆಯೇ ಎಂದು ಪರೀಕ್ಷಿಸಬಹುದಾಗಿತ್ತು. ಇದರಿಂದ, ದೇಶದ ಪೂರ್ವ ಕರಾವಳಿಯಲ್ಲಿ ಕುಳಿತವರು ಪಶ್ಚಿಮ ಕರಾವಳಿಯ ಟೆಲಿಫೋನಿನವರಿಗೆ ‘ನಿಮ್ಮ ಇಂಥ ಲೈನು ಕೆಡುತ್ತಿದೆ’ ಎಂದು ಅವರಿಗಿಂತ ಮೊದಲೇ ಹೇಳುವಂತಾಯಿತು.

ಆದರೆ ಯಂತ್ರ ತನ್ನ ಕ್ಷೇಮವನ್ನು ತಾನೇ ವರದಿ ಮಾಡುವಾಗ ಸುಳ್ಳು ಹೇಳಿದರೆ? 1970ರ ದಶಕದ ಆರಂಭದಲ್ಲಿ ಹಾರ್ವರ್ಡಿನ ಇಂಪಿನ ನೆನಪು ಕೆಟ್ಟು, ಎಲ್ಲ ಊರುಗಳಿಗೂ ತನ್ನಿಂದ ಸೊನ್ನೆ ದೂರವೆಂದು ಅದು ಸಾರಿತು. ಇದಕ್ಕಿಂತ ಹತ್ತಿರದ ದಾರಿ ಉಂಟೇ! ನೆರೆಯ ಯಂತ್ರಗಳೆಲ್ಲ ತಮ್ಮ ಸಂದೇಶಗಳನ್ನು ಹಾರ್ವರ್ಡಿನ ಬಾಯಿಗೆ ಸುರಿದವು. ತಂತಿಯೊಂದೂ ತುಂಡಾಗಿರಲಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು 1980ರ ಅಕ್ಟೋಬರ್ 27ರಂದು ನಡೆಯಿತು. ಅಂದು ಇಡೀ ಆರ್ಪಾನೆಟ್ ಹಲವು ಗಂಟೆಗಳ ಕಾಲ ಉಸಿರು ಕಟ್ಟಿತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪತ್ತೇದಾರಿ ಕಾದಂಬರಿಗಳಲ್ಲಿ ಇಂಥ ಕಥೆ ನನಗೆ ಕಂಡಿಲ್ಲ. ಇಂಪುಗಳ ಸಮಾಚಾರಪತ್ರಗಳಿಗೆ ಕ್ರಮಸಂಖ್ಯೆ ಇರುತ್ತಿತ್ತು. 0ಯಿಂದ 63ರವರೆಗೆ ಎಣಿಸಿ, ಮತ್ತೆ 0. ಗಡಿಯಾರದ ಮುಳ್ಳು ಹನ್ನೆರಡಾದ ಮೇಲೆ ಒಂದಕ್ಕೆ ಬರುವಂತೆ. ಎರಡು ಪತ್ರಗಳಲ್ಲಿ ಹೊಸದು ಯಾವುದೆಂಬುದಕ್ಕೆ ನಿಯಮ ಇದು: ಒಂದರಿಂದ ಮುಂದಕ್ಕೆ ಎಣಿಸುತ್ತ ಹೋದಾಗ ಅರ್ಧ ಸುತ್ತಿನೊಳಗೆ ಇನ್ನೊಂದು ಸಿಕ್ಕಿದರೆ, ಆ ಇನ್ನೊಂದೇ ಹೊಸದು. ಹೊಸದು ಬಂದಾಗ ಹಳೆಯದನ್ನು ಎಸೆದು, ಹೊಸದನ್ನು ನೆರೆಯವರಿಗೆಲ್ಲ ಹಂಚಬೇಕು. ಅಂದು 50ನೆಯ ನಂಬರಿನ ಇಂಪಿನ ಪತ್ರವೊಂದು ಕೆಟ್ಟ ಯಂತ್ರದ ನೆನಪಿನಲ್ಲಿ ಹಾದುಬರುವಾಗ ಅಂಕೆಯ ಒಂದೊಂದು ಚುಕ್ಕೆ ಉದುರಿಹೋಯಿತು. ಗಣಕಯಂತ್ರದ ಲಿಪಿಯಲ್ಲಿ 44 ಎಂದರೆ 101100. ಅದರಲ್ಲಿ ಒಂದು 1 ಬಿದ್ದುಹೋದರೆ 101000, ಅಂದರೆ 40. ಇನ್ನೊಂದು ಬಿದ್ದರೆ 001000, ಅಂದರೆ 8. ಈಗ ಜಾಲದಲ್ಲಿ 8, 40, 44 ಎಂಬ ಮೂರು ಪತ್ರಗಳು. 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, ಸುತ್ತಿ ಬಂದರೆ 44ಕ್ಕಿಂತ 8 ಹೊಸದು! ಪ್ರತಿಯೊಂದು ಇಂಪೂ ಒಂದನ್ನೆಸೆದು ಇನ್ನೊಂದನ್ನು ಹಂಚಿ, ಅದನ್ನೆಸೆದು ಮತ್ತೊಂದನ್ನು ಹಂಚಿ, ಬೇರೆ ಕೆಲಸಕ್ಕೆ ಪುರುಸೊತ್ತಿಲ್ಲದಂತಾಯಿತು. ಒಂದೊಂದೇ ಯಂತ್ರವನ್ನು ನಿಲ್ಲಿಸಿ ಚಾಲೂ ಮಾಡಿದರೆ ಪ್ರಯೋಜನವಿಲ್ಲ; ಎದ್ದೊಡನೆ ನೆರೆಯವರು ಅದೇ ಮೂರು ಪತ್ರಗಳನ್ನು ಮತ್ತೆ ಕೈಗಿಡುತ್ತಿದ್ದರು. ಕೊನೆಗೆ ‘50ನೆಯವನು ಏನು ಬರೆದರೂ ಓದಬೇಡಿ’ ಎಂಬ ಅಪ್ಪಣೆಯನ್ನು ಎಲ್ಲ ಇಂಪುಗಳ ಕಾರ್ಯಕ್ರಮದೊಳಗೂ ತುರುಕಿ ಜಾಲವನ್ನು ಬಿಡಿಸಿದರು. ಪಾಪ, 50ನೆಯವನ ಪತ್ರ ದಾರಿಯಲ್ಲಿ ಕೆಟ್ಟಿತ್ತು. ಎರಿಕ್ ರೋಸನ್ ಎಂಬವರು ಮರುವರ್ಷ ಬರೆದ ಇದರ ವರದಿಯನ್ನು ಜಾಲದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.

ದೊಡ್ಡ ಜಾಲಗಳ ಮಾತು ಹೀಗಾದರೆ, ಒಂದೇ ಕಟ್ಟಡದೊಳಗಿನ ಸಣ್ಣ ಜಾಲಗಳ ಗೋಳು ಬೇರೆ. 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಯೋಜಿಸಿದ ‘ಈಥರ್‌ನೆಟ್’ ಎಂಬ ವ್ಯವಸ್ಥೆಯಲ್ಲಿ ಒಂದೇ ದಪ್ಪ ತಂತಿ ಕೋಣೆಯಿಂದ ಕೋಣೆಗೆ ಹಾದುಹೋಗುತ್ತಿತ್ತು. ಎಲ್ಲ ಯಂತ್ರಗಳೂ ಅದಕ್ಕೇ ಜೋತುಬಿದ್ದಿರುತ್ತಿದ್ದವು. ಸ್ವಾರಸ್ಯವೆಂದರೆ ಈ ತಂತಿಯ ಜಾಲಕ್ಕೆ ಪ್ರೇರಣೆ ನಿಸ್ತಂತು ಜಾಲದಿಂದ ಬಂದದ್ದು. ಹವಾಯಿ ದ್ವೀಪಗಳಲ್ಲಿ ನಾರ್ಮನ್ ಏಬ್ರಾಮ್ಸನ್ 1971ರಲ್ಲಿ ರೇಡಿಯೋ ಮೂಲಕ ಯಂತ್ರಗಳನ್ನು ಬೆಸೆದಿದ್ದರು. ಅಲ್ಲಿ ಯಾರು ಯಾವಾಗ ಬೇಕಾದರೂ ಮಾತಾಡಬಹುದು. ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಸ್ವಲ್ಪ ತಡೆದು ಮತ್ತೆ ಮಾತಾಡುವುದು. ಮಾತಾಡುವ ಮೊದಲು ಕಿವಿಗೊಟ್ಟು ಕೇಳಬೇಕೆಂಬ ಸಭ್ಯತೆಯನ್ನು ಈಥರ್‌ನೆಟ್ ಸೇರಿಸಿತು.

ಈ ಹಂಚಿಕೆಯ ತಂತಿಯ ಎರಡು ತುದಿಗಳಿಗೂ 50 ಓಮಿನ ಮುಚ್ಚಳ ಹಾಕಬೇಕಾಗಿತ್ತು. ಹಾಕದಿದ್ದರೆ ಸಂಕೇತ ತುದಿಗೆ ಬಡಿದು, ಬಾವಿಯಲ್ಲಿ ಕೂಗಿದ ದನಿಯಂತೆ ಹಿಂದಿರುಗಿ, ಬರುತ್ತಿರುವ ಸಂಕೇತವನ್ನು ಕೆಡಿಸುತ್ತಿತ್ತು. ಒಬ್ಬ ಗುಮಾಸ್ತ ಮೇಜು ಸರಿಸುವಾಗ ಮುಚ್ಚಳ ಕಾಲಿಗೆ ಸಿಕ್ಕಿದರೆ ಸಾಕು, ಕಚೇರಿಗೆ ಕಚೇರಿಯೇ ನಿಂತಿತು. ಸಡಿಲವಾದ ಒಂದು ಕೊಂಡಿಯನ್ನು ನಲವತ್ತು ಕೊಂಡಿಗಳಲ್ಲಿ ಹುಡುಕುವುದು ಹೇಗೆ?

ಇಲ್ಲಿ ಮೈಕ್ ಮ್ಯೂಸ್ ಎಂಬ ಅಮೆರಿಕನ್ ಸೈನ್ಯದ ಪ್ರಯೋಗಾಲಯದ ಇಂಜಿನಿಯರಿನ ಹೆಸರು ಹೇಳಬೇಕು. 1983ರ ಡಿಸೆಂಬರಿನಲ್ಲಿ, ಜಾಲವೊಂದು ವಿಚಿತ್ರವಾಗಿ ವರ್ತಿಸುತ್ತಿದ್ದಾಗ, ಆತ ಒಂದೇ ರಾತ್ರಿಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಬರೆದ. ಅದು ಮಾಡುವುದಿಷ್ಟೆ: ದೂರದ ಯಂತ್ರಕ್ಕೆ ‘ಇದ್ದೀಯಾ?’ ಎಂದು ಕೂಗುವುದು, ‘ಇದ್ದೇನೆ’ ಎಂಬ ಮಾರುತ್ತರ ಎಷ್ಟು ಹೊತ್ತಿಗೆ ಬಂತೆಂದು ಬರೆಯುವುದು. ಜಲಾಂತರ್ಗಾಮಿಗಳು ನೀರಿನಲ್ಲಿ ಸದ್ದು ಕಳಿಸಿ ಮಾರ್ದನಿ ಕೇಳುವ ಉಪಕರಣದ ಸದ್ದಿನಿಂದ ಅದಕ್ಕೆ ‘ಪಿಂಗ್’ ಎಂದು ಹೆಸರಿಟ್ಟ. ಇದೇ ತನ್ನ ಜೀವನದ ಪ್ರಸಿದ್ಧ ಕೃತಿಯಾಗುವುದೆಂದು ತಿಳಿದಿದ್ದರೆ ಇನ್ನೂ ಒಂದೆರಡು ದಿನ ಹೆಚ್ಚಿಗೆ ದುಡಿಯುತ್ತಿದ್ದೆನೆಂದು ಆತ ಮುಂದೆ ಬರೆದುಕೊಂಡಿದ್ದಾನೆ. ಸಡಿಲ ಕೊಂಡಿಯ ಸಮಸ್ಯೆಗೆ ಒಬ್ಬ ಬಳಕೆದಾರ ಕಂಡುಕೊಂಡ ಪರಿಹಾರವನ್ನೂ ಮ್ಯೂಸನೇ ಸಂತೋಷದಿಂದ ಹೇಳುತ್ತಿದ್ದ. ಪ್ರತಿ ಮಾರುತ್ತರಕ್ಕೂ ‘ಪಿಂಗ್’ ಎಂದು ಬಾಯಿಬಿಟ್ಟು ಹೇಳುವಂತೆ ಯಂತ್ರಕ್ಕೆ ಕಲಿಸಿ, ಧ್ವನಿವರ್ಧಕವನ್ನು ಜೋರು ಮಾಡಿ, ಆತ ಕೋಣೆಯಿಂದ ಕೋಣೆಗೆ ಹೋಗುತ್ತ ಒಂದೊಂದೇ ಕೊಂಡಿಯನ್ನು ಅಲ್ಲಾಡಿಸಿದ. ಯಾವುದನ್ನು ಮುಟ್ಟಿದಾಗ ಪಿಂಗ್ ಸದ್ದಡಗಿತೋ ಅದೇ ಕಳ್ಳ. 1990ರಿಂದೀಚೆಗೆ ಪ್ರತಿ ಯಂತ್ರಕ್ಕೂ ಬೇರೆ ತಂತಿ ಎಳೆದು ಮಧ್ಯದಲ್ಲೊಂದು ಪೆಟ್ಟಿಗೆಗೆ ಕೂಡಿಸುವ ಪದ್ಧತಿ ಬಂದಮೇಲೆ ಈ ಕಷ್ಟ ಬಹುಪಾಲು ತಪ್ಪಿತು. ಒಂದು ತಂತಿ ಸತ್ತರೆ ಒಂದೇ ದೀಪ ಆರುತ್ತದೆ; ಪೆಟ್ಟಿಗೆಯ ಮೇಲೆ ಮಿನುಗುವ ಆ ಹಸಿರು ದೀಪಗಳನ್ನು ನಮ್ಮಲ್ಲಿ ಎಷ್ಟು ಜನ ನೋಡುತ್ತೇವೆ?

ಮಾರುತ್ತರದ ಹೊತ್ತನ್ನು ಓದುವುದಕ್ಕೂ ವಿವೇಕ ಬೇಕು. 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಂಪನಿ ಉಪಗ್ರಹದ ಮೂಲಕ ಹೊರದೇಶದೊಡನೆ ಸಂಪರ್ಕ ಇಟ್ಟುಕೊಂಡಿತ್ತು. ಅಂಥ ಉಪಗ್ರಹ ನೆಲದಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುತ್ತದೆ. ಮಾತು ಹತ್ತಿ ಇಳಿಯುವಷ್ಟರಲ್ಲಿ ಕಾಲು ಸೆಕೆಂಡು, ಉತ್ತರ ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಕಾಲು ಸೆಕೆಂಡು. ಈ ಅರ್ಧ ಸೆಕೆಂಡು ರೋಗವಲ್ಲ, ದೇಹಪ್ರಕೃತಿ. ಎಂಥ ಇಂಜಿನಿಯರು ಬಂದರೂ ಕಡಿಮೆ ಮಾಡಲಾರ. 1986ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆಯಲ್ಲಿ ಐದು ಐ.ಐ.ಟಿ.ಗಳೊಡನೆ ನಮ್ಮ ಭಾರತೀಯ ವಿಜ್ಞಾನ ಮಂದಿರವೂ ಸೇರಿತ್ತು. ಇಂಡಿಯಾದ ವಿದ್ವಾಂಸರು ಈ ಪಾಠಗಳನ್ನೆಲ್ಲ ಟೆಲಿಫೋನು ಲೈನುಗಳ ಕರಕರ ಸದ್ದಿನ ನಡುವೆ ಕಲಿತರು.

ಅದೇ 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಾವ ತಂತಿಯೂ ಹರಿಯದೆ, ಯಾವ ಯಂತ್ರವೂ ಸುಳ್ಳಾಡದೆ, ಜಾಲ ಕುಸಿಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ವಿಶ್ವವಿದ್ಯಾನಿಲಯಕ್ಕೂ ನಡುವಣ ದೂರ ಕೇವಲ 400 ಗಜ. ಸೆಕೆಂಡಿಗೆ 32,000 ಬಿಟ್ಟುಗಳು ಹರಿಯುತ್ತಿದ್ದ ಕಡೆ 40 ಬಿಟ್ಟುಗಳಿಗೆ ಇಳಿಯಿತು. ಕಾಗದದ ಮೇಲೆ ಬರೆದು ಜವಾನನ ಕೈಯಲ್ಲಿ ಕಳಿಸಿದ್ದರೆ ಬೇಗ ಹೋಗುತ್ತಿತ್ತು. ವ್ಯಾನ್ ಜಾಕಬ್ಸನ್ ಮತ್ತು ಮೈಕ್ ಕ್ಯಾರೆಲ್ಸ್ ಕಾರಣ ಹುಡುಕಿದರು. ಸಂದಣಿಯಲ್ಲಿ ಕೆಲವು ಸಂದೇಶಗಳು ಕಳೆದುಹೋಗುತ್ತಿದ್ದವು. ಉತ್ತರ ಬಾರದ ಪ್ರತಿ ಯಂತ್ರವೂ ಅದನ್ನೇ ಮತ್ತೆ ಕಳಿಸುತ್ತಿತ್ತು. ಅದರಿಂದ ಸಂದಣಿ ಇನ್ನೂ ಹೆಚ್ಚುತ್ತಿತ್ತು. ಬೆಳಗಿನ ಹೊತ್ತು ಬಸ್ಸಿನ ಬಾಗಿಲಲ್ಲಿ ನಾವು ಮಾಡುವುದೂ ಇದನ್ನೇ. ಒಂದು ಸಂದೇಶ ಕಳೆದುಹೋದರೆ ತಾನು ಕಳಿಸುವ ವೇಗವನ್ನು ತಗ್ಗಿಸಬೇಕು, ಮೆಲ್ಲಗೆ ಆರಂಭಿಸಿ ದಾರಿ ತೆರವಾದಂತೆ ಏರಿಸಬೇಕು ಎಂಬ ಸಂಯಮವನ್ನು ಯಂತ್ರಗಳಿಗೆ ಅವರು ಕಲಿಸಿದರು. 1988ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ವೈಟ್‌ಹೌಸ್ ವೈದ್ಯನ ಎರಡು ಸಾವಿರ ವೋಲ್ಟಿಗೆ ಇದು ನೂರಮೂವತ್ತು ವರ್ಷ ತಡವಾಗಿ ಬಂದ ಉತ್ತರವೆಂದು ನನಗೆ ಅನ್ನಿಸುತ್ತದೆ.

ಜಾಕಬ್ಸನರದೇ ಇನ್ನೊಂದು ಉಪಕರಣ ‘ಟ್ರೇಸ್‌ರೂಟ್’. ಜಾಲದ ಪ್ರತಿ ಸಂದೇಶಕ್ಕೂ ಆಯುಸ್ಸೆಂದು ಒಂದು ಅಂಕೆ ಬರೆದಿರುತ್ತದೆ. ಪ್ರತಿ ಕೂಡುದಾರಿಯಲ್ಲೂ ಅದರಿಂದ ಒಂದನ್ನು ಕಳೆಯುತ್ತಾರೆ. ಸೊನ್ನೆಯಾದ ಕಡೆ ಆ ಕೂಡುದಾರಿಯ ಯಂತ್ರ ‘ನಿಮ್ಮವನು ಇಲ್ಲಿ ತೀರಿಕೊಂಡ’ ಎಂದು ಕಳಿಸಿದವನಿಗೆ ತಿಳಿಸುತ್ತದೆ. ದಾರಿ ತಪ್ಪಿದ ಸಂದೇಶಗಳು ಅನಂತಕಾಲ ಸುತ್ತದಿರಲೆಂದು ಮಾಡಿದ ಏರ್ಪಾಡಿದು. ಇದನ್ನೇ ಪತ್ತೇದಾರಿಕೆಗೆ ತಿರುಗಿಸಿದರು. ಮೊದಲು ಒಂದೇ ಹೆಜ್ಜೆಯ ಆಯುಸ್ಸಿನವನನ್ನು ಕಳಿಸುವುದು, ಆಮೇಲೆ ಎರಡರವನನ್ನು, ಮೂರರವನನ್ನು. ಒಂದೊಂದು ಮರಣವಾರ್ತೆಯೂ ದಾರಿಯ ಒಂದೊಂದು ಊರಿನ ಹೆಸರು ಹೇಳುತ್ತದೆ. ಎಲ್ಲಿಯವರೆಗೆ ಸರಿಯಿದೆಯೆಂದು ಹೆಜ್ಜೆ ಹೆಜ್ಜೆಗೂ ಉತ್ತರ.

ಈಗ ನಮ್ಮ ಮನೆಯ ವೈಫೈಗೆ ಬರೋಣ. ಇಂಡಿಯಾದಲ್ಲಿ 2.4 ಗಿಗಾಹರ್ಟ್ಸ್ ಅಲೆಪಟ್ಟಿಯನ್ನು 2005ರಲ್ಲಿ ಪರವಾನಗಿಯಿಲ್ಲದೆ ಬಳಸಲು ಬಿಟ್ಟರು. ಇದೊಂದು ಗೋಮಾಳ. ಅಡಿಗೆಮನೆಯ ಮೈಕ್ರೊವೇವ್ ಒಲೆ ದುಡಿಯುವುದೂ ಅಲ್ಲಿಯೇ, 2.45ರ ಸುಮಾರಿನಲ್ಲಿ, ಹಳೆಯ ಮಾದರಿಯ ಒಲೆ ನಮ್ಮ ಕರೆಂಟಿನ ತಾಳಕ್ಕೆ ಸೆಕೆಂಡಿಗೆ 50 ಸಲ ಗದ್ದಲ ಮಾಡುತ್ತದೆ. ಈ ಪಟ್ಟಿಯಲ್ಲಿ ಹದಿಮೂರು ಚಾನೆಲ್ಲುಗಳಿವೆಯೆಂದು ಕಾಣುವುದಾದರೂ, ಒಂದೊಂದೂ ನೆರೆಯ ಚಾನೆಲ್ಲುಗಳ ಮೇಲೆ ಕಾಲು ಚಾಚಿರುವುದರಿಂದ, ಪರಸ್ಪರ ತಗಲದವು 1, 6, 11 ಎಂಬ ಮೂರೇ. ಇಪ್ಪತ್ತು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಎಂಟು ಗಂಟೆಗೆ ನೆಟ್ಟು ಎಳೆಯುವುದಾದರೆ ಕಂಪನಿಯವರನ್ನು ಬೈಯುವ ಮೊದಲು ಇದನ್ನು ನೆನೆಯಬೇಕು. ಮೊಬೈಲಿನ ಮೇಲೆ ಗೆರೆಗಳು ತುಂಬಿದ್ದೂ ಏನೂ ಬಾರದಿರುವುದು ಇನ್ನೊಂದು ಸಾಮಾನ್ಯ ದೂರು. ಗೆರೆಗಳು ಹೇಳುವುದು ರೂಟರಿನ ದನಿ ನಿಮಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ದನಿ ಅದಕ್ಕೆ ಕೇಳಿತೇ ಎಂಬುದನ್ನು ಅವು ಹೇಳಲಾರವು. ರೂಟರಿನಿಂದಾಚೆ ದಾರಿಯಿದೆಯೇ ಎಂಬುದನ್ನಂತೂ ಅಲ್ಲವೇ ಅಲ್ಲ. ಇನ್ನು ಎರಡು ಕೋಣೆಗಳ ಇಬ್ಬರು ನಡುಮನೆಯ ರೂಟರಿನೊಡನೆ ಮಾತಾಡಬಲ್ಲರು, ಆದರೆ ಗೋಡೆಗಳ ದೆಸೆಯಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಇಬ್ಬರೂ ನಿಶ್ಶಬ್ದವೆಂದು ನಂಬಿ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಟೊಬಾಗಿ ಮತ್ತು ಕ್ಲೈನ್‌ರಾಕ್ ಎಂಬ ವಿದ್ವಾಂಸರು ಈ ತೊಡಕನ್ನು 1975ರಲ್ಲೇ, ಯಾರ ಮನೆಯಲ್ಲೂ ವೈಫೈ ಇಲ್ಲದಿದ್ದಾಗಲೇ, ಬಿಡಿಸಿ ಬರೆದಿದ್ದರು.

ರೂಟರಿನ ಹತ್ತಿರ ಹೋಗಿ ನಿಂತರೆ ಸರಿಹೋಯಿತೇ? ಹಾಗಾದರೆ ಗೋಡೆಯ ತಪ್ಪು. ತಂತಿಯಲ್ಲೇ ಸಿಕ್ಕಿಸಿದರೂ ಇಲ್ಲವೇ? ಹಾಗಾದರೆ ವೈಫೈ ನಿರಪರಾಧಿ. ಅಂಕೆಯ ವಿಳಾಸಕ್ಕೆ ಪಿಂಗ್ ತಲುಪುತ್ತದೆ, ಹೆಸರಿನ ವಿಳಾಸಕ್ಕೆ ಮಾತ್ರ ಇಲ್ಲವೇ? ಹಾಗಾದರೆ ದಾರಿ ಸರಿಯಿದೆ, ಹೆಸರನ್ನು ಅಂಕೆಗೆ ತಿರುಗಿಸಿ ಹೇಳುವ ಡಿ.ಎನ್.ಎಸ್. ಎಂಬ ಶಾನುಭೋಗನ ಕಡತ ಸಿಕ್ಕುತ್ತಿಲ್ಲ. ಪೌಲ್ ಮೊಕಪೆಟ್ರಿಸ್ ಈ ಶಾನುಭೋಗಿಕೆಯನ್ನು 1983ರಲ್ಲಿ ರೂಪಿಸಿದರು.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಗಾಜಿನೆಳೆಯ ಕೇಬಲ್ಲುಗಳು ಕತ್ತರಿಸಿಹೋಗಿ, ಇಂಡಿಯಾದಿಂದ ಪಶ್ಚಿಮಕ್ಕೆ ಹೋಗುವ ದಾರಿಯ ದೊಡ್ಡ ಪಾಲು ಮುಚ್ಚಿತು. ಒಂದೆರಡು ದಿನಗಳಲ್ಲಿ ದುಬೈ ಬಳಿ ಇನ್ನೊಂದು. ಇದು ಯಾರದೋ ಕೈವಾಡವೆಂದು ಜಗತ್ತೆಲ್ಲ ಗುಲ್ಲೆದ್ದಿತು. 1865ರ ಕೂಲಿಗಳ ಜಾಗದಲ್ಲಿ ಈಗ ಗೂಢಚಾರರು. ದುರಸ್ತಿಗೆ ಹೋದ ಹಡಗಿನವರು ದುಬೈ ಬಳಿ ಕಂಡದ್ದು ಕೇಬಲ್ಲಿನ ಹತ್ತಿರ ಬಿದ್ದಿದ್ದ ಐದಾರು ಟನ್ ತೂಕದ ಒಂದು ಲಂಗರು. ಗಾಯದ ಸ್ಥಳವನ್ನು ಕಂಡುಹಿಡಿಯುವ ಬಗೆ ಮಾತ್ರ ಬದಲಾಗಿದೆ. ದಡದಿಂದ ಬೆಳಕಿನ ಮಿಡಿತವೊಂದನ್ನು ಕಳಿಸಿ, ಮುರಿದ ಕಡೆಯಿಂದ ಅದರ ಮಾರ್ಬೆಳಕು ಬರುವ ಹೊತ್ತನ್ನು ಅಳೆಯುತ್ತಾರೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ, ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹಿಂದಿರುಗಿದರೆ ಗಾಯ ನೂರು ಕಿಲೋಮೀಟರು ದೂರದಲ್ಲಿದೆ ಎಂದರ್ಥ.

ಇಷ್ಟೆಲ್ಲ ಕಲಿತ ಮೇಲೆ 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕು, ವಾಟ್ಸಪ್ಪು ಎರಡೂ ಸುಮಾರು ಆರು ಗಂಟೆ ಲೋಕದಿಂದ ಮಾಯವಾದವು. ಕಂಪನಿಯೇ ಪ್ರಕಟಿಸಿದ ವಿವರದಂತೆ, ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆ ಅವರ ಒಳಜಾಲವನ್ನೆಲ್ಲ ಕಡಿದುಹಾಕಿತು. ಇಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ಕಾವಲು ಕಾರ್ಯಕ್ರಮದಲ್ಲೇ ದೋಷವಿತ್ತು. ಒಳಜಾಲ ಕಾಣದಾದಾಗ ಅವರ ಹೆಸರು ಹೇಳುವ ಯಂತ್ರಗಳು ತಮಗೇ ಕಾಯಿಲೆಯೆಂದು ತಿಳಿದು ಹೊರಜಗತ್ತಿನಿಂದ ತಮ್ಮ ವಿಳಾಸವನ್ನು ಹಿಂತೆಗೆದುಕೊಂಡವು. ರೋಗ ಏನೆಂದು ನೋಡೋಣವೆಂದರೆ, ನೋಡುವ ಉಪಕರಣಗಳೂ ಅದೇ ಜಾಲದ ಮೇಲಿದ್ದವು. ಚಾರ್ಲಿ ಕ್ಲೈನನ ಪಕ್ಕದಲ್ಲಿದ್ದ ಆ ಬೇರೆ ಟೆಲಿಫೋನು ಇಲ್ಲಿರಲಿಲ್ಲ. ಇದ್ದ ಬದಲಿ ದಾರಿಯೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಇಂಜಿನಿಯರುಗಳನ್ನು ಯಂತ್ರಗಳಿರುವ ಕಟ್ಟಡಗಳಿಗೇ ಓಡಿಸಿದರು. ಸುಲಭಕ್ಕೆ ಯಾರೂ ಒಳಹೊಗದಂತೆ, ಹೊಕ್ಕರೂ ಯಂತ್ರಗಳನ್ನು ಮುಟ್ಟದಂತೆ ಭದ್ರಮಾಡಿದ ಕಟ್ಟಡಗಳವು. ಒಳಗೆ ಹೋಗುವುದಕ್ಕೇ ತಡವಾಯಿತು. ಹೋದ ಮೇಲೂ ಎಲ್ಲವನ್ನೂ ಒಟ್ಟಿಗೆ ಹಚ್ಚುವ ಧೈರ್ಯ ಅವರಿಗಾಗಲಿಲ್ಲ. ಒಮ್ಮೆಗೇ ಕರೆಂಟಿನ ಸೆಳೆತ ಏರಿ ಇನ್ನೇನು ಸುಟ್ಟೀತೋ ಎಂದು, ಸ್ವಲ್ಪ ಸ್ವಲ್ಪವಾಗಿ ಹಚ್ಚುತ್ತ ಬಂದರು.